ಎತ್ತು ಕೊಳ್ಳುವಾಗಿನ ಬುದ್ಧಿ ಓಟು ಹಾಕುವಾಗ ಎಲ್ಲಿ ಹೋಗತೈತಿ?

ಕಡಲಿ ಕುಡಿ ಚೂಟೂದು ಇವತ್ತ ಮುಗೀತು. ಹೊಲದಾಗ ಕೆಲಸಕ್ಕಿಂತ ಎಲೆಕ್ಷನ್ ಮಾತ ಜಾಸ್ತಿ. "ಹೆಂಗ ಬಗ್ಗಿ ಕೈ ಮುಗೀತಾನ ನೋಡ್ರಿ! ಹೆಗಲ ಮ್ಯಾಲೆ ಹಸಿರು ಶಾಲು ಬ್ಯಾರೆ. ನಮ್ಮಂವ ಅನಸತೈತಿ" ಅಂದ ಒಬ್ಬ ಗೆಳೆಯ. ನನಗ ಸಿಟ್ಟು ಬಂತು.

ಆ ಶಾಲು ಎಲ್ಲಿಂದ ಬಂತು ಅನ್ನೂದ ಮರತೇವೇನ್ರಿ? 1980ರ ಜುಲೈ 21. ಮಲಪ್ರಭಾ ನೀರಾವರಿ ಕರ ಕಟ್ಟಂಗಿಲ್ಲ ಅಂತ ನರಗುಂದ, ನವಲಗುಂದದ ರೈತರು ಎದ್ದು ನಿಂತರು. ಆಗ ಗುಂಡೂರಾಯರ ಸರಕಾರ. ಗೋಲಿಬಾರ್ ಆತು, ರೈತರು ಸತ್ತರು. ಅದೇ ವರ್ಷ ರೈತ ಸಂಘ ಹುಟ್ಟಿತು. ಹಸಿರು ಶಾಲು ಅದರ ಗುರುತಾತು.

ಈಗ ಅದು ಎಲ್ಲಾ ಪಕ್ಷದವರ ಹೆಗಲಿಗೂ ಬಂದೈತಿ. 2008ರ ಮೇ 30ಕ್ಕ ಯಡಿಯೂರಪ್ಪನವರು ರೈತರ ಹೆಸರಿನ್ಯಾಗ ಪ್ರಮಾಣ ವಚನ ತಗೊಂಡ್ರು. ನಾವು ಚಪ್ಪಾಳೆ ಹೊಡದ್ವಿ. ಜೂನ್ 10ಕ್ಕ ಹಾವೇರಿಯಾಗ ಗೊಬ್ಬರ ಕೇಳಿದ ರೈತರ ಮ್ಯಾಲೆ ಗೋಲಿಬಾರ್ ಆತು, ಇಬ್ಬರು ತೀರಿಕೊಂಡ್ರು. 2018ರ ಮೇ 17ಕ್ಕ ಅವರು ಹಸಿರು ಶಾಲು ಹೊದ್ದು ಮತ್ತ ಪ್ರಮಾಣ ಮಾಡಿದ್ರು. ನಾವು ಮತ್ತ ಚಪ್ಪಾಳಿ.

ಇನ್ನೊಂದು ಕಡೆ ದೇವೇಗೌಡರು. ಸಭೆಯಾಗ ಕಣ್ಣು ಮುಚ್ಚಿದ ಫೋಟೋ ತೋರಿಸಿ ಎಷ್ಟು ಮಂದಿ ನಕ್ಕರು! ಆದರ ನಮ್ಮ ಹುಬ್ಬಳ್ಳಿ ಈದ್ಗಾ ಮೈದಾನದ ಧ್ವಜದ ಜಗಳ ರಾಜಿ ಆದದ್ದು ಅವರು ಮುಖ್ಯಮಂತ್ರಿ ಇದ್ದಾಗ. ಮುಚ್ಚಿದ ಕಣ್ಣು ನೋಡಿದ ನಾವು ಮಾಡಿದ ಕೆಲಸ ನೋಡಲಿಲ್ಲ.

ಬರೇ ಮಂದೀಗೆ ಬೈಯೂದಿಲ್ಲ, ತಪ್ಪು ನಂದೂ ಐತಿ. ಹಿಂದಕೊಮ್ಮೆ ನಮ್ಮ ಪಂಚಾಯ್ತಿಗೆ ಒಬ್ಬ ಹೆಣ್ಣಮಗಳು ನಿಂತಿದ್ದಳು. ತಲಿಮ್ಯಾಲೆ ಸೆರಗು, ಮೈಕ್ ಹಿಡದ ಕೈ ನಡಗತಿತ್ತು. "ಇಕಿ ಏನ್ ಮಾಡ್ಯಾಳು" ಅಂತ ನಕ್ಕು, ಇಸ್ತ್ರಿ ಹಾಕಿದ ಬಿಳಿ ಅಂಗಿಯವಗ ಓಟು ಹಾಕಿದೆ. ಅಂವ ಗೆದ್ದ. ಮುಂದ ಬೆಣ್ಣಿಹಳ್ಳ ಉಕ್ಕಿ ನನ್ನ ಹೆಸರು ಪೂರಾ ಹೋತು. ಅಂವ ಬಂದ, ಮೊಣಕಾಲಮಟ ರಾಡಿಯಾಗ ನಿಂತು ಫೋಟೋ ತೆಗಿಸಿಕೊಂಡು ಹೋದ. ಸೋತ ಆಕಿ ಮನಿಮನಿಗೆ ಬಂದಳು. "ಅಣ್ಣಾರ, ನಿಮ್ಮ ಉತಾರ, ಪಾಸ್‌ಬುಕ್ ಜೆರಾಕ್ಸ್ ಕೊಡ್ರಿ, ಪರಿಹಾರದ ಅರ್ಜಿ ಹಾಕಿ ಬರತೀನಿ" ಅಂದಳು. ನಾ ಆಕಿಗೆ ಓಟು ಹಾಕಿಲ್ಲಂತ ಆಕಿಗೆ ಗೊತ್ತಿತ್ತು. ಉತಾರ ಕೊಡುವಾಗ ಮಾರಿ ಎತ್ತಲಿಕ್ಕೆ ಆಗಲಿಲ್ಲ ನನಗ.

ಹಾವೇರಿ ಸಂತ್ಯಾಗ ಎತ್ತಿನ ಕೋಡಿಗೆ ಬಣ್ಣ ಹಚ್ಚಿ, ಮ್ಯಾಲೆ ಜೂಲಾ ಹೊಚ್ಚಿ ನಿಲ್ಲಿಸಿದರ ರೊಕ್ಕ ಕೊಡತೀವೇನು? ಜೂಲಾ ತಗಸತೀವಿ, ಹಲ್ಲು ಎಣಸತೀವಿ, ನಡಸಿ ನೋಡತೀವಿ. ಹೆಗಲ ಮ್ಯಾಲೆ ನೊಗದ ಗುರುತು ಐತೋ ಇಲ್ಲೋ ಕೈಯಾಡಿಸಿ ನೋಡತೀವಿ. ಐದು ವರ್ಷ ನಮ್ಮನ್ನ ಆಳಾವನ್ನ ಮಾತ್ರ ಜೂಲಾ ನೋಡಿ ಆರಸತೀವಿ.

ಈ ಸಲ ಊರಿಗೆ ಯಾರ ಬಂದ್ರೂ ಮೊದಲ ಕೇಳ್ರಿ: ಬೆಳೆ ವಿಮಾ ಯಾಕ ಬಂದಿಲ್ಲ? ಹಳ್ಳದ ಹೂಳು ಯಾವಾಗ ತೆಗಸತೀರಿ? ಕಳಸಾ-ಬಂಡೂರಿ ಎಲ್ಲಿಗೆ ಬಂತು? ಉತ್ತರ ಕೇಳಿದ ಮ್ಯಾಲೆ ಹಾರ ಹಾಕೂದು ಬಿಡೂದು ನೋಡೋಣು. ಶಾಲು ಮಾತ್ರ ನಮ್ಮ ಕೈಯಾರೆ ಹೊದಿಸೂದು ಬ್ಯಾಡ.