ಸ್ಕ್ಯಾನಿಂಗ್ ಕೊಠಡಿಯ ಮುಂದಿನ ಸರದಿ

ಎದೆಯ ಎಕ್ಸ್‌ರೇ ತೆಗೆಯಲು ಯಂತ್ರಕ್ಕೆ ಒಂದು ಕ್ಷಣ ಸಾಕು. ಅದಕ್ಕಾಗಿ ಗೌರಿಬಿದನೂರಿನ ಕೂಲಿಕಾರ, ಚಿಂತಾಮಣಿಯ ರೈತ ಎಷ್ಟೋ ಬಾರಿ ಒಂದಿಡೀ ದಿನದ ದುಡಿಮೆಯನ್ನೇ ಬಿಡಬೇಕಾಗುತ್ತದೆ. ಜಿಲ್ಲಾ ಕೇಂದ್ರವಾದ ಚಿಕ್ಕಬಳ್ಳಾಪುರಕ್ಕೆ ಹೋಗಬೇಕಾದರಂತೂ ಜೊತೆಗೊಬ್ಬರು, ಬಸ್ಸಿನ ಖರ್ಚು ಬೇರೆ.

1895ರ ನವೆಂಬರ್ 8ರಂದು ಜರ್ಮನಿಯ ರಾಂಟ್ಜೆನ್ ಕ್ಷ-ಕಿರಣವನ್ನು ಕಂಡುಹಿಡಿದರು. ಆಗ ಗಾಜಿನ ಫಲಕದ ಮೇಲೆ ಮೂಡುತ್ತಿದ್ದ ಚಿತ್ರ ಇಂದು ಗಣಕಯಂತ್ರದ ಪರದೆಯ ಮೇಲೆ ಕೂಡಲೇ ಕಾಣುತ್ತದೆ. ಆದರೂ ಕಾಯುವಿಕೆ ತಪ್ಪಿಲ್ಲ. ಕಾಲ ಸೋರುವುದು ಚೀಟಿ, ಶುಲ್ಕ, ಸಿದ್ಧತೆ, ವರದಿ ಇವುಗಳಲ್ಲಿ. ಆದ್ದರಿಂದ ಹೊಸ ಯಂತ್ರವನ್ನು ಕೇಳುವ ಮುನ್ನ ಇರುವ ಯಂತ್ರದ ಸುತ್ತಲಿನ ಕ್ರಮವನ್ನು ಸರಿಪಡಿಸಬೇಕೆಂಬುದು ನಮ್ಮ ಅಭಿಪ್ರಾಯ.

ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಯನ್ನು ನೋಡಿದವರಿಗೆ ಇದು ಹೊಸ ಮಾತಲ್ಲ. ಪತಂಗ ಹೊರಬಂದರೆ ಗೂಡು ಕೆಡುತ್ತದೆ. ಆದುದರಿಂದ ಬಂದ ಪ್ರತಿ ಲಾಟ್‌ಗೂ ಸಂಖ್ಯೆ ಕೊಟ್ಟು ತಡವಿಲ್ಲದೆ ಹರಾಜು ನಡೆಸುತ್ತಾರೆ. ಗೂಡಿಗೆ ಸಲ್ಲುವ ಈ ಕಾಳಜಿ ರೋಗಿಗೂ ಸಲ್ಲಬೇಡವೇ?

ವೈದ್ಯರು ಚೀಟಿ ಬರೆಯುವಾಗಲೇ ದಿನ, ಸಮಯ ಮತ್ತು ಸಿದ್ಧತೆಯನ್ನು ಕನ್ನಡದಲ್ಲಿ ಬರೆದುಕೊಡಲಿ. ಹೊಟ್ಟೆಯ ಮೇಲ್ಭಾಗದ ಸ್ಕ್ಯಾನಿಂಗ್‌ಗೆ ಸುಮಾರು 6 ಗಂಟೆ ಉಪವಾಸವಿರಬೇಕು. ಕಿಬ್ಬೊಟ್ಟೆಯ ಸ್ಕ್ಯಾನಿಂಗ್‌ಗೆ ಮೂತ್ರಕೋಶ ತುಂಬಿರಬೇಕು. ಇದನ್ನು ತಿಳಿಯದೆ ತಿಂಡಿ ತಿಂದು ಬಂದವರು ಮರುದಿನ ಮತ್ತೆ ಬರಬೇಕಾಗುತ್ತದೆ. ಉಪವಾಸವಿರುವವರನ್ನು, ಅದರಲ್ಲೂ ಮಧುಮೇಹಿಗಳನ್ನು, ಬೆಳಗಿನ ಮೊದಲ ಸರದಿಯಲ್ಲೇ ಕರೆಯಬೇಕು. 1994ರ ಲಿಂಗ ಪತ್ತೆ ನಿಷೇಧ ಕಾಯ್ದೆಯಂತೆ ಗರ್ಭಿಣಿಯರ ಸ್ಕ್ಯಾನಿಂಗ್‌ಗೆ 'ಎಫ್' ನಮೂನೆಯನ್ನು ತುಂಬಲೇಬೇಕು. ಅವರು ಹೊರಗೆ ಕುಳಿತಿರುವಾಗಲೇ ಅದನ್ನು ತುಂಬಿದರೆ ಕೊಠಡಿ ಖಾಲಿ ನಿಲ್ಲದು. ಎಕ್ಸ್‌ರೇಗೂ ಸ್ಕ್ಯಾನಿಂಗ್‌ಗೂ ಬೇರೆ ಬೇರೆ ಸಾಲುಗಳಿರಲಿ.

ವರದಿಗಾಗಿ ಮತ್ತೊಮ್ಮೆ ಅಲೆಸುವುದೂ ನಿಲ್ಲಬೇಕು. ಚಿತ್ರವನ್ನು ದೂರದ ತಜ್ಞರಿಗೆ ಕಳುಹಿಸಿ ವರದಿ ತರಿಸುವ ತಂತ್ರಜ್ಞಾನ ಈಗಿದೆ. ಅದೇ ಮಾರ್ಗದಲ್ಲಿ ವರದಿಯು ಚೀಟಿ ಬರೆದ ತಾಲ್ಲೂಕಿನ ವೈದ್ಯರಿಗೆ ನೇರವಾಗಿ ತಲುಪಲಿ.

ಭಕ್ತಾದಿಗಳ ಪಾಲಿನ ಕರ್ತವ್ಯವೂ ಇದೆ. ಹಳೆಯ ಫಿಲ್ಮು, ವರದಿಗಳನ್ನು ತಪ್ಪದೆ ಒಯ್ಯಿರಿ. ಗರ್ಭಿಣಿಯಾಗಿರುವ ಸಂಭವವಿದ್ದರೆ ಎಕ್ಸ್‌ರೇಗೆ ಮುನ್ನವೇ ತಿಳಿಸಿರಿ. ಹೆದ್ದಾರಿಯ ಅಪಘಾತದಲ್ಲಿ ತಲೆಗೆ ಪೆಟ್ಟಾದವರನ್ನು ಮೊದಲು ಒಳಗೆ ಕರೆದರೆ ಆಕ್ಷೇಪಿಸದಿರಿ. ಪರಿಚಯದವರ ಪ್ರಭಾವ ಬಳಸಿ ಸರದಿ ಮುರಿಯುವುದಂತೂ ಬೇಡ. ಹಾಗೆ ಉಳಿಸಿಕೊಂಡ ಅರ್ಧ ಗಂಟೆ ಹಿಂದೆ ನಿಂತ ಯಾರೋ ಬಡವರ ಊರಿನ ಕೊನೆಯ ಬಸ್ಸನ್ನು ತಪ್ಪಿಸಬಹುದು.

ಇವುಗಳಲ್ಲಿ ಬಹುಪಾಲು ಸುಧಾರಣೆಗೆ ಹೆಚ್ಚಿನ ಹಣ ಬೇಕಿಲ್ಲ. ಆಸ್ಪತ್ರೆಗಳ ಆಡಳಿತಗಾರರು ಒಂದು ವಾರ ಸರದಿಯನ್ನು ಗಮನಿಸಿ, ರೋಗಿ ಬಂದ ಹೊತ್ತು ಮತ್ತು ವರದಿ ಪಡೆದ ಹೊತ್ತನ್ನು ಬರೆದಿಡಲಿ. ಎಲ್ಲಿ ತಡವಾಗುತ್ತಿದೆ ಎಂಬುದನ್ನು ಆ ಪುಸ್ತಕವೇ ತಿಳಿಸುತ್ತದೆ.