ಪರಿಶೀಲನೆಯಲ್ಲಿದೆ

ನಮ್ಮ ಕಚೇರಿ ಕನ್ನಡದಲ್ಲಿ ಕರ್ತೃವೇ ಇಲ್ಲದ ವಾಕ್ಯಗಳಿಗೆ ಬರವಿಲ್ಲ. 'ಕ್ರಮ ಕೈಗೊಳ್ಳಲಾಗುವುದು', 'ಸಂಬಂಧಪಟ್ಟವರ ಗಮನಕ್ಕೆ ತರಲಾಗಿದೆ'. ಯಾರು ಕೈಗೊಳ್ಳುತ್ತಾರೆ, ಯಾರು ತಂದರು ಎಂದು ಕೇಳುವಂತಿಲ್ಲ. ಈ ಕುಟುಂಬದ ಹಿರಿಯಣ್ಣ 'ಪರಿಶೀಲನೆಯಲ್ಲಿದೆ'. ವೈದ್ಯಕೀಯ ವಿಶ್ವವಿದ್ಯಾಲಯವೊಂದರ ಸಮುದಾಯ ವೈದ್ಯಶಾಸ್ತ್ರ ವಿಭಾಗದಲ್ಲಿ ಪಿಎಚ್‌.ಡಿ. ಮಾಡುತ್ತಿರುವ ನಾನು ಹದಿನಾಲ್ಕು ತಿಂಗಳಿಂದ ಈ ಅಣ್ಣನ ಜೊತೆ ಸಂಸಾರ ಮಾಡುತ್ತಿದ್ದೇನೆ. ವಿಶ್ವವಿದ್ಯಾಲಯದ ಹೆಸರು ಬರೆಯುವುದಿಲ್ಲ. ಬೇರೆ ಊರುಗಳ ಗೆಳೆಯರು ಹೇಳುವುದನ್ನು ಕೇಳಿದರೆ ಹೆಸರು ಬದಲಾದರೂ ಕಥೆ ಬದಲಾಗುವಂತೆ ಕಾಣುವುದಿಲ್ಲ.

ನನ್ನ ಕೆಲಸ ಫ್ಲೋರೈಡಿನದು. ಪಾವಗಡದ ಕಡೆ ಮಕ್ಕಳ ಹಲ್ಲಿನ ಮೇಲಿನ ಕಂದು ಗೆರೆಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪಬಹುದಾದ ಮಿತಿ, ಬೇರೆ ಮೂಲವೇ ಇಲ್ಲದಿದ್ದರೆ 1.5 ಎಂದು ಭಾರತೀಯ ಮಾನಕ ಹೇಳುತ್ತದೆ. ನಮ್ಮ ಕೋರದ ಸುತ್ತ ಈಗ ಸಾವಿರ ಅಡಿ ಕೊಳವೆಬಾವಿ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಆಳಕ್ಕೆ ಹೋದಷ್ಟೂ ಬಂಡೆಯೊಳಗಿನ ನೀರು ಯಾವ ಉಪ್ಪನ್ನು ಹೊತ್ತು ತರುತ್ತದೆ ಎಂಬುದು ಪ್ರಶ್ನೆ. ಅದನ್ನು ತಿಳಿಯಲು ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ನೀರಿನ ಮಾದರಿ ತೆಗೆಯಬೇಕು. ಅದೇ ನೀರು ಕುಡಿಯುವ ಶಾಲಾಮಕ್ಕಳ ಮೂತ್ರದ ಮಾದರಿಯನ್ನೂ ಜೊತೆಗೇ ತೆಗೆಯಬೇಕು. ಎರಡೂ ಹೊತ್ತಿಗೆ ಮಕ್ಕಳು ಅವರೇ ಇರಬೇಕು.

ಕಳೆದ ವರ್ಷ ಜನವರಿಯಲ್ಲಿ ಅನುದಾನಕ್ಕೆ ಅರ್ಜಿ ಹಾಕಿದೆ. ಆಮೇಲೆ 'ಅಪ್‌ಡೇಟ್' ಬರಲಿಲ್ಲವೆಂದು ದೂರುವಂತಿಲ್ಲ, ಬಹಳ ಬಂದವು. ಏಪ್ರಿಲಿನಲ್ಲಿ ಅರ್ಜಿಯ ನಮೂನೆ ಬದಲಾಗಿದೆ, ಹೊಸ ನಮೂನೆಯಲ್ಲಿ ಮತ್ತೆ ಸಲ್ಲಿಸಿ ಎಂಬ ಸುತ್ತೋಲೆ. ಜುಲೈನಲ್ಲಿ ನೈತಿಕ ಸಮಿತಿಯ ಒಪ್ಪಿಗೆ ಪತ್ರ ಬೇಕೆಂದು ಒಂದು ಮೇಲ್. ನೈತಿಕ ಸಮಿತಿಯವರು ಕೇಳಿದ್ದು, ಹಣ ಎಲ್ಲಿಂದ ಬರುತ್ತದೆ ಎಂಬ ಪತ್ರ. ಅಕ್ಟೋಬರಿನಲ್ಲಿ ಬ್ಯಾಂಕ್ ವಿವರ ಕೇಳಿದರು, ಹಾಸ್ಟೆಲಿನಲ್ಲಿ ಜಿಲೇಬಿ ಹಂಚುವುದೊಂದು ಬಾಕಿ. ಡಿಸೆಂಬರಿನಲ್ಲಿ 'ಅರ್ಜಿಗಳ ಸ್ಥಿತಿಗತಿ ಕುರಿತು' ಎಂಬ ತಲೆಬರಹದ ಎರಡು ಪುಟದ ಸುತ್ತೋಲೆ ಬಂತು. ಒಳಗೆ ಸ್ಥಿತಿಯೂ ಇರಲಿಲ್ಲ, ಗತಿಯೂ ಇರಲಿಲ್ಲ. ವಿಭಾಗದ ಗುಮಾಸ್ತರು ಒಳ್ಳೆಯ ಮನುಷ್ಯ. "ಮೇಲಿಂದ ಬಂದಿಲ್ಲ ಮೇಡಂ, ಬಂದ ದಿನ ನಾನೇ ಫೋನ್ ಮಾಡ್ತೀನಿ" ಅನ್ನುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ.

ಈ ಅಪ್‌ಡೇಟುಗಳೆಲ್ಲ ನಾನು ಇನ್ನೇನು ಕೊಡಬೇಕು ಎಂಬುದನ್ನೇ ಹೇಳುತ್ತವೆ. ಅವರು ಯಾವ ದಿನ ತೀರ್ಮಾನಿಸುತ್ತಾರೆ ಎಂಬುದನ್ನು ಒಂದೂ ಹೇಳುವುದಿಲ್ಲ. ಗಡುವು ಅರ್ಜಿದಾರರಿಗೆ ಮಾತ್ರ. ಸಂಜೆ ಐದಕ್ಕೆ ಪೋರ್ಟಲ್ ಮುಚ್ಚುತ್ತದೆ, ಐದೂ ಒಂದಕ್ಕೆ ನೀವು ಯಾರೋ ನಾವು ಯಾರೋ.

ಈಗ ನಮ್ಮ ಹೋಬಳಿಯ ನಾಡಕಚೇರಿಗೆ ಬನ್ನಿ. ಜಾತಿ ಪ್ರಮಾಣಪತ್ರಕ್ಕೋ ಆದಾಯ ಪ್ರಮಾಣಪತ್ರಕ್ಕೋ ಅರ್ಜಿ ಕೊಟ್ಟರೆ ಒಂದು ಸ್ವೀಕೃತಿ ಚೀಟಿ ಕೈಗೆ ಬರುತ್ತದೆ. ಅದರಲ್ಲೊಂದು ಸಂಖ್ಯೆ, ಒಂದು ಗಡುವು. ಇದು 2011ರ ಸಕಾಲ ಕಾಯ್ದೆ, 2012ರಿಂದ ಜಾರಿಯಲ್ಲಿದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು, ಅದನ್ನು ತಡಮಾಡಿದ ಅಧಿಕಾರಿಯಿಂದ ವಸೂಲಿ ಮಾಡಬಹುದು. ಸಕಾಲದಲ್ಲೂ ಕಳ್ಳದಾರಿಗಳಿವೆ. ಗಡುವಿನ ಹಿಂದಿನ ದಿನ 'ದಾಖಲೆ ಸಾಲದು' ಎಂದು ಅರ್ಜಿ ತಿರಸ್ಕರಿಸುವುದನ್ನು ನಮ್ಮೂರಿನವರು ಚೆನ್ನಾಗಿ ಬಲ್ಲರು. ಆದರೂ ಕಾಯುವವನ ಕಾಲಕ್ಕೆ ಒಂದು ಬೆಲೆಯಿದೆ, ಕಡಿಮೆಯೆಂದರೆ ದಿನಕ್ಕೆ 20 ರೂಪಾಯಿ, ಎಂದು ಆ ಚೀಟಿ ಒಪ್ಪಿಕೊಳ್ಳುತ್ತದೆ. ಎಸೆಸೆಲ್ಸಿ ದಾಟದ ರೈತನಿಗೆ ನಾಡಕಚೇರಿ ಕೊಡುವ ಈ ಮರ್ಯಾದೆಯನ್ನು ಸಂಶೋಧಕರಿಗೆ ವಿಶ್ವವಿದ್ಯಾಲಯ ಯಾಕೆ ಕೊಡಬಾರದು?

ಸಾರ್ವಜನಿಕರ ಹಣ, ಆಡಿಟ್ ಇದೆ, ಆತುರ ಸಲ್ಲ ಎನ್ನುತ್ತಾರೆ. ಆಡಿಟ್ ಇರಲಿ. ಹಣ ಬಂದ ಮೇಲೆ ಖರ್ಚಿನ ಪ್ರತಿ ರೂಪಾಯಿಗೂ ಬಳಕೆ ಪ್ರಮಾಣಪತ್ರ ಕೊಡಬೇಕಾದವರು ನಾವೇ, ಕೊಡುತ್ತೇವೆ. ಆದರೆ ಹದಿನಾಲ್ಕು ತಿಂಗಳ ಮೌನವನ್ನು ಯಾವ ಆಡಿಟರ್ ಲೆಕ್ಕ ಹಾಕುತ್ತಾನೆ? 2025ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ತನ್ನ ವೈಜ್ಞಾನಿಕ ಸಂಸ್ಥೆಗಳಿಗೆ ಖರೀದಿ ನಿಯಮ ಸಡಿಲಿಸಿತು. ಟೆಂಡರಿಲ್ಲದೆ ನೇರವಾಗಿ ಕೊಳ್ಳುವ ಮಿತಿ 1 ಲಕ್ಷದಿಂದ 2 ಲಕ್ಷಕ್ಕೆ ಏರಿತು. ಒಳ್ಳೆಯದೇ. ಕೊಳ್ಳುವ ಹಂತ ಮುಟ್ಟಿದವರಿಗೆ.

ಕಾಯುವುದಕ್ಕೆ ಖರ್ಚಿದೆ ಎಂದು ಲೆಕ್ಕ ಹಾಕಿದವರೂ ಇದ್ದಾರೆ. ಆಸ್ಟ್ರೇಲಿಯಾದ ವೈದ್ಯಕೀಯ ಸಂಶೋಧನಾ ಮಂಡಳಿಗೆ 2012ರಲ್ಲಿ ಬಂದ 3,727 ಅರ್ಜಿಗಳನ್ನು ಬರೆಯಲು ಸಂಶೋಧಕರು ಸುಮಾರು 550 ವರ್ಷಗಳಷ್ಟು ಕೆಲಸದ ಸಮಯ ಕಳೆದಿದ್ದರು ಎಂದು ಮರುವರ್ಷ ಪ್ರಕಟವಾದ ಅಧ್ಯಯನ ಹೇಳಿತು. ಹಣ ಸಿಕ್ಕಿದ್ದು ಐದರಲ್ಲಿ ಒಂದಕ್ಕೆ. ನ್ಯೂಜಿಲೆಂಡಿನ ಆರೋಗ್ಯ ಸಂಶೋಧನಾ ಮಂಡಳಿ 2013ರಿಂದ ಒಂದು ಬಗೆಯ ಅನುದಾನಕ್ಕೆ, ಅರ್ಹ ಎನಿಸಿದ ಅರ್ಜಿಗಳ ನಡುವೆ ಚೀಟಿ ಎತ್ತುತ್ತದೆ. ಕೇಳಿದಾಗ ನಗು ಬಂತು. ಈಗ ಬರುತ್ತಿಲ್ಲ, ಚೀಟಿ ಎತ್ತಲು ಒಂದು ದಿನವನ್ನಾದರೂ ಗೊತ್ತುಮಾಡಲೇಬೇಕಲ್ಲ.

ಅಷ್ಟು ದೂರ ಯಾಕೆ? ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 1979ರಿಂದ ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಎರಡು ತಿಂಗಳ ಸಂಶೋಧನೆಗೆ ವಿದ್ಯಾರ್ಥಿವೇತನ ಕೊಡುತ್ತಿದೆ. ದೇಶದ ಮೂಲೆಮೂಲೆಯ ಕಾಲೇಜುಗಳಿಂದ ಅರ್ಜಿ ಬರುತ್ತವೆ, ವೇಳಾಪಟ್ಟಿಯನ್ನು ಮೊದಲೇ ಪ್ರಕಟಿಸುತ್ತಾರೆ. ಅದೂ ಜಾರುವುದುಂಟು. ಆದರೆ ಜಾರಿತು ಎನ್ನಲಾದರೂ ಒಂದು ದಿನಾಂಕ ಇರಬೇಕಲ್ಲವೇ?

ಫೆಲೋಶಿಪ್ ಇರುವವರು ಹೇಗೋ ತಡೆಯುತ್ತಾರೆ. ಜೆಆರ್‌ಎಫ್ ಮೊತ್ತ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಯೋಜನೆಯ ಹಣವನ್ನೇ ನಂಬಿ ಬಂದವರಿಗೆ ಮಂಜೂರಾತಿಯಿಲ್ಲದೆ ಸಂಬಳವಿಲ್ಲ. ನಮ್ಮ ವಿಭಾಗದ ಗೆಳತಿಯೊಬ್ಬಳು ಎಂಟು ತಿಂಗಳು ಕಾದು ವಸಂತನರಸಾಪುರದ ಕಾರ್ಖಾನೆಯೊಂದರ ಲ್ಯಾಬ್ ಸೇರಿದಳು. ಅಲ್ಲಿ ಪಾಳಿ ಯಾವಾಗ ಶುರು, ಯಾವಾಗ ಮುಗಿತು ಎಂಬುದು ಗೋಡೆಯ ಮೇಲೆ ಬರೆದಿದೆಯಂತೆ. ಅವಳ ಅರ್ಜಿ ಈಗಲೂ ಪರಿಶೀಲನೆಯಲ್ಲಿದೆ. ಬಡವರ ಮನೆಯ ಮಕ್ಕಳನ್ನು ಸಂಶೋಧನೆಯಿಂದ ಹೊರಗಿಡಲು ಯಾರೂ ನಿಯಮ ಬರೆಯಬೇಕಿಲ್ಲ. ಉತ್ತರ ಕೊಡದೆ ಕೂತರೆ ಸಾಕು, ಕಾಯುವ ಶಕ್ತಿಯಿರುವ ಮನೆಗಳವರಷ್ಟೇ ಉಳಿಯುತ್ತಾರೆ.

ಕೊನೆಗೆ ಮಾಹಿತಿ ಹಕ್ಕಿನಡಿ ಬರೆದೆ. ಕರ್ನಾಟಕದ ನಿಯಮದಂತೆ ಆ ಅರ್ಜಿ 150 ಪದ ಮೀರಬಾರದು. ಪ್ರಬಂಧದ ಸಾರಾಂಶವನ್ನು ಇಷ್ಟು ಎಚ್ಚರದಿಂದ ಬರೆದಿರಲಿಲ್ಲ. ಉತ್ತರ ಮೂವತ್ತು ದಿನದೊಳಗೇ ಬಂತು. ತಜ್ಞರ ಸಮಿತಿ ಒಮ್ಮೆಯೂ ಸೇರಿಲ್ಲ! ಪರಿಶೀಲನೆಯಲ್ಲಿದೆ ಎಂದು ಅಷ್ಟು ತಿಂಗಳು ಬರೆದವರಿಗೆ ಪರಿಶೀಲಿಸುವವರೇ ಇಲ್ಲ ಎಂಬುದು ಗೊತ್ತಿತ್ತು. ಕಾನೂನು ದಿನ ಗೊತ್ತುಮಾಡಿದ ಕಡೆ ಅದೇ ಕಚೇರಿ, ಅದೇ ಜನ, ಹೊತ್ತಿಗೆ ಸರಿಯಾಗಿ ಉತ್ತರ ಕೊಟ್ಟರು ಎಂಬುದನ್ನೂ ಗಮನಿಸಿ.

ಅರ್ಜಿ ಹಾಕಿದಾಗ ನನ್ನ ಪಟ್ಟಿಯಲ್ಲಿದ್ದವರು ಆರನೇ ತರಗತಿಯ ಮಕ್ಕಳು. ಈಗ ಏಳರ ಪರೀಕ್ಷೆ ಬರೆಯುತ್ತಿದ್ದಾರೆ. ಜೂನ್ ಹೊತ್ತಿಗೆ ಹೈಸ್ಕೂಲೆಂದು ಬೇರೆ ಬೇರೆ ಊರಿಗೆ, ಹಾಸ್ಟೆಲಿಗೆ ಹೋಗುತ್ತಾರೆ, ಬೇರೆ ನೀರು ಕುಡಿಯುತ್ತಾರೆ. ಒಂದು ಬೇಸಿಗೆ ಹೋಯಿತು, ಎರಡನೆಯದು ಶುರುವಾಗಿದೆ.

ಹದಿನೇಳು ಜನ ಸಂಶೋಧನಾ ವಿದ್ಯಾರ್ಥಿಗಳು ಸಹಿ ಹಾಕಿ ಕುಲಸಚಿವರಿಗೆ ಒಂದು ಮನವಿ ಕೊಟ್ಟಿದ್ದೇವೆ. ಅರ್ಜಿ ಪಡೆದ ದಿನವೇ ತೀರ್ಮಾನದ ದಿನಾಂಕ ಬರೆದು ಕೊಡಿ, ತಿರಸ್ಕರಿಸಿದರೆ ಕಾರಣವನ್ನು ಎರಡು ಸಾಲಿನಲ್ಲಿ ತಿಳಿಸಿ, ಸಮಿತಿ ಸೇರದಿದ್ದರೆ ಸೇರಿಲ್ಲ ಎಂದೇ ಬರೆಯಿರಿ ಎಂದು ಕೇಳಿದ್ದೇವೆ. ಸ್ವೀಕೃತಿಯ ಸೀಲು ಬೇಕೆಂದಾಗ ಟಪಾಲು ವಿಭಾಗದವರು ಸ್ವಲ್ಪ ಹೊತ್ತು ಹುಡುಕಿದರು. ನಾವು ಅಲ್ಲೇ ನಿಂತಿದ್ದೆವು. ಸೀಲು ಹಾಕಿಸಿಕೊಂಡೇ ಬಂದೆವು.