ಕಾಕೂಗೊಂದು ಮೇಣದಬತ್ತಿ

ನವೆಂಬರ್ 2 ಸಕಲ ಮೃತರ ಸ್ಮರಣೆಯ ದಿನ. ಅದರ ಹಿಂದಿನ ಭಾನುವಾರ ಮುಂಬಯಿಯ ಜೋಗೇಶ್ವರಿಯ ಒಂದು ಧರ್ಮೋಪದೇಶದ ತರಗತಿಯಲ್ಲಿ ಒಂಬತ್ತರ ಹುಡುಗ ಕೇಳಿದ: ಪಕ್ಕದ ಖೋಲಿಯ ಕಾಕೂ ಗಣಪತಿ ಹಬ್ಬ ಕಳೆದ ವಾರವೇ ತೀರಿಕೊಂಡರು, ಅವರ ಹೆಸರಲ್ಲೂ ಮೇಣದಬತ್ತಿ ಹಚ್ಚಬಹುದಾ? ಅಪ್ಪ ಅಮ್ಮ ಇಬ್ಬರೂ ಲೋಕಲ್ ಹಿಡಿದು ಕೆಲಸಕ್ಕೆ ಹೋಗುವ ಮನೆ ಹುಡುಗನದು. ಮಧ್ಯಾಹ್ನದ ಊಟ ಬಡಿಸಿ ಬೆಳೆಸಿದವರು ವಿಠೋಬನ ಭಕ್ತೆ ಕಾಕೂ. ಟೀಚರ್ ಸ್ವಲ್ಪ ತಡವರಿಸಿ, ‘ಫಾದರನ್ನು ಕೇಳೋಣ’ ಅಂದರು.

ಅನ್ಯಧರ್ಮಗಳ ಕುರಿತ ವ್ಯಾಟಿಕನ್ ಘೋಷಣೆ ‘ನೋಸ್ತ್ರಾ ಎತಾತೆ’ಗೆ 2025ರ ಅಕ್ಟೋಬರ್ 28ಕ್ಕೆ ಅರವತ್ತು ತುಂಬಿತು. ಅರವತ್ತು ವರ್ಷವಾದರೂ ಟೀಚರ್ ತಡವರಿಸಿದರಲ್ಲ, ಹಿಂದಿರುಗಿ ನೋಡಬೇಕು ಅನ್ನಿಸಿದ್ದು ಅದಕ್ಕೇ.

ಹುಡುಗನಿಗಿಂತ ಬಹಳ ಮೊದಲೇ ಈ ಪ್ರಶ್ನೆ ಕೇಳಿದವರಿದ್ದಾರೆ. ಸಂತ ಫ್ರಾನ್ಸಿಸ್ ಕ್ಸೇವಿಯರ್ ಜಪಾನಿನಿಂದ ಮರಳಿ, 1552ರ ಜನವರಿಯಲ್ಲಿ ಕೊಚ್ಚಿಯಿಂದ ಬರೆದ ಪತ್ರದಲ್ಲಿ ಅದು ಇದೆ. ಹೊಸದಾಗಿ ದೀಕ್ಷೆ ಪಡೆದ ಜಪಾನೀಯರು ಕೇಳಿದ್ದು ತಮ್ಮ ಬಗ್ಗೆಯಲ್ಲ, ಸತ್ತುಹೋದ ತಂದೆತಾಯಿಗಳ ಬಗ್ಗೆ. ಅವರನ್ನು ನರಕದಿಂದ ಬಿಡಿಸುವ ದಾರಿಯಿಲ್ಲವೇ? ಇಲ್ಲ ಎಂದರು ಕ್ಸೇವಿಯರ್. ಕೇಳಿದವರು ಅತ್ತರು, ಅದನ್ನು ಕಂಡು ತನಗೂ ಸಂಕಟವಾಯಿತೆಂದು ಸಂತರೇ ಬರೆದಿದ್ದಾರೆ. ಸೋಜಿಗವೆಂದರೆ ಅದೇ ಪತ್ರದ ಇನ್ನೊಂದು ಮಾತು. ದೇವರು ನಮ್ಮ ಹಿರಿಯರಿಗೆ ಯಾಕೆ ತಿಳಿಸಲಿಲ್ಲ ಎಂದವರಿಗೆ ಅವರು ಕೊಟ್ಟ ಉತ್ತರ: ಕೊಲ್ಲಬಾರದು, ಕದಿಯಬಾರದು ಎಂಬುದು ಯಾರೂ ಹೇಳಿಕೊಡದೆಯೂ ಮನುಷ್ಯನಿಗೆ ಗೊತ್ತು, ಸೃಷ್ಟಿಕರ್ತನೇ ಕಲಿಸಿರುತ್ತಾನೆ. ಈ ಎರಡು ಉತ್ತರಗಳನ್ನು ಒಂದಕ್ಕೊಂದು ತಾಗಿಸಿ ನೋಡಲು ಧರ್ಮಸಭೆಗೆ ಮತ್ತೆ ನಾನೂರು ವರ್ಷ ಹಿಡಿಯಿತು.

ಕ್ಸೇವಿಯರ್ ಕಠಿಣರಾಗಿರಲಿಲ್ಲ, ಕಲಿತದ್ದನ್ನು ಹೇಳಿದರು. ಧರ್ಮಸಭೆಯ ಹೊರಗಿರುವವರು ಸಾಯುವ ಮುನ್ನ ಒಳಗೆ ಬಾರದಿದ್ದರೆ ನಿತ್ಯಾಗ್ನಿಯೇ ಗತಿಯೆಂದು 1442ರಲ್ಲಿ ಫ್ಲಾರೆನ್ಸ್ ಮಹಾಸಭೆ ಬರೆದಿಟ್ಟಿತ್ತು. ಆ ನಂಬಿಕೆ ನಮ್ಮ ಮುಂಬಯಿಯ ಸಾಷ್ಟಿ ದ್ವೀಪದ ಕಲ್ಲಿನಲ್ಲೂ ಕಾಣುತ್ತದೆ. ಬೊರಿವಲಿ ಕಡೆಯ ಮಂಡಪೇಶ್ವರ ಗುಹೆಯನ್ನು ಪೋರ್ಚುಗೀಸರ ಕಾಲದಲ್ಲಿ ಫ್ರಾನ್ಸಿಸ್ಕನ್ ಪಾದ್ರಿಗಳು ಪ್ರಾರ್ಥನಾಲಯ ಮಾಡಿಕೊಂಡರು. ಶಿಲ್ಪದ ಮೇಲೆಯೇ ಕೊರೆದ ಶಿಲುಬೆ ಇಂದಿಗೂ ಅಲ್ಲಿದೆ.

ಗಾಳಿ ತಿರುಗಿದ್ದು 1964ರಲ್ಲಿ. ಅದರ ಒಂದು ಭಾಗ ನಡೆದದ್ದು ಮುಂಬಯಿಯಲ್ಲೇ ಎಂಬುದನ್ನು ನಾವು ಮರೆತಂತಿದೆ. ನವೆಂಬರ್ 21ರಂದು ರೋಮಿನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯ ‘ಲೂಮೆನ್ ಜೆನ್ಸಿಯುಂ’ ಹೊರಬಿತ್ತು: ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದೆ, ಆತ್ಮಸಾಕ್ಷಿಯಂತೆ ದೇವರನ್ನು ಹುಡುಕುವವರೂ ರಕ್ಷಣೆ ಪಡೆಯಬಲ್ಲರು. ನಾಲ್ಕೇ ದಿನಕ್ಕೆ ಮುಂಬಯಿಯಲ್ಲಿ ದೇವಶಾಸ್ತ್ರಜ್ಞರ ಗೋಷ್ಠಿ ಆರಂಭವಾಯಿತು. ಅಲ್ಲಿ ಹಾನ್ಸ್ ಕ್ಯುಂಗ್ ಇನ್ನೂ ಮುಂದೆ ಹೋಗಿ, ಕ್ರೈಸ್ತರಲ್ಲದವರಿಗೆ ಅವರವರ ಧರ್ಮವೇ ರಕ್ಷಣೆಯ ಸಾಮಾನ್ಯ ದಾರಿ ಎಂದರು. ಡಿಸೆಂಬರ್ 2ರಂದು ಪೋಪ್ ಆರನೇ ಪೌಲರು ಪರಮಪ್ರಸಾದ ಸಮ್ಮೇಳನಕ್ಕೆ ಬಂದಿಳಿದರು. ಮರುದಿನ ಅನ್ಯಧರ್ಮೀಯರೊಡನೆ ಮಾತಾಡುತ್ತ ಅವರು ಉದಾಹರಿಸಿದ್ದು ಬೃಹದಾರಣ್ಯಕ ಉಪನಿಷತ್ತಿನ ಪ್ರಾರ್ಥನೆಯನ್ನು. ಮರುವರ್ಷ ‘ನೋಸ್ತ್ರಾ ಎತಾತೆ’ಯ ಪರ 2,221 ಮತ ಬಿದ್ದವು, ವಿರುದ್ಧ 88.

ಪ್ರಾಟೆಸ್ಟೆಂಟರಲ್ಲಿ ಈ ಮರುಚಿಂತನೆಗೆ ಹೆಗಲು ಕೊಟ್ಟವರು ನಮ್ಮ ಕರಾವಳಿಯವರೇ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಕನ್ನಡಕ್ಕೆ ಪತ್ರಿಕೆ ಕೊಟ್ಟಿತು, ನಿಘಂಟು ಕೊಟ್ಟಿತು; ಮತ ಬಿಟ್ಟು ಬಂದವರ ಹಿಂದೆ ಉಳಿದ ಬಂಧುಗಳಿಗೆ ಮಾತ್ರ ಅದರಲ್ಲಿ ಆಸರೆಯ ಮಾತು ಕಡಿಮೆ. 1920ರಲ್ಲಿ ಕಾರ್ಕಳದಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥ ಆ ಪರಂಪರೆಯಲ್ಲೇ ಬೆಳೆದು, 1971ರಲ್ಲಿ ಜಾಗತಿಕ ಚರ್ಚುಗಳ ಒಕ್ಕೂಟದ ಸಂವಾದ ವಿಭಾಗಕ್ಕೆ ಮೊದಲ ನಿರ್ದೇಶಕರಾದರು. ನೆರೆಯವರ ಧರ್ಮವನ್ನು ತೀರ್ಪಿಗೆ ಕಾದಿರುವ ಕಡತದಂತೆ ನೋಡಬೇಡಿ ಎಂಬುದು, ನನ್ನ ಓದಿನಲ್ಲಿ, ಅವರ ಬದುಕಿನ ವಾದ. ಇವ್ಯಾಂಜೆಲಿಕಲ್ ಸಭೆಗಳು ಒಪ್ಪಲಿಲ್ಲ. 1974ರ ಲೌಸಾನ್ ಒಡಂಬಡಿಕೆ ಕ್ರಿಸ್ತನೊಬ್ಬನೇ ರಕ್ಷಕನೆಂದು ಮತ್ತೆ ಗೆರೆ ಎಳೆಯಿತು.

ಗೆರೆ ಎಳೆಯುವುದು ರೋಮಿಗೂ ಬಿಟ್ಟಿಲ್ಲ. 2000ದ ವ್ಯಾಟಿಕನ್ ಘೋಷಣೆ ‘ದೊಮಿನುಸ್ ಯೇಸುಸ್’ ಅನ್ಯಧರ್ಮೀಯರಿಗೂ ಕೃಪೆ ಸಿಗುತ್ತದೆಂದು ಒಪ್ಪಿ, ಅವರ ಸ್ಥಿತಿ ಮಾತ್ರ ತೀರಾ ಕೊರತೆಯದ್ದು ಎಂದು ಸೇರಿಸಿತು. ಬಾಗಿಲು ತೆರೆದು ಚಾಪೆ ಹಾಸದಂತೆ. ಬಹುತ್ವವಾದಿಗಳು ಎಲ್ಲ ನದಿಯೂ ಸಮುದ್ರಕ್ಕೇ ಎಂದು ಮುಗಿಸಿಬಿಡುವುದೂ ನನಗೆ ಹಿಡಿಸದು. ಕಾಕೂ ತಮ್ಮ ವಿಠೋಬನನ್ನು ಯಾರದೋ ಉಪನದಿ ಎಂದುಕೊಂಡಿರಲಿಲ್ಲ. ಮತ್ತಾಯನ ಇಪ್ಪತ್ತೈದನೇ ಅಧ್ಯಾಯದ ತೀರ್ಪಿನ ದಿನ ಕುರಿ–ಮೇಕೆಗಳನ್ನು ಬೇರ್ಪಡಿಸುವಾಗ ಕೇಳುವ ಪ್ರಶ್ನೆ ಹಸಿದವನಿಗೆ ಉಣಿಸಿದೆಯಾ ಎಂದು. ದೀಕ್ಷೆಯ ಪ್ರಮಾಣಪತ್ರ ಅಲ್ಲಿ ಯಾರೂ ಕೇಳುವುದಿಲ್ಲ. ಹುಡುಗನ ಮಧ್ಯಾಹ್ನದ ಊಟ ನೆನಪಾಗುವುದು ಇಲ್ಲಿ.

ಅರವತ್ತು ವರ್ಷದಲ್ಲಿ ಪಠ್ಯ ಬದಲಾಯಿತು, ತರಗತಿಗೆ ತಲುಪಲಿಲ್ಲ. ಟೀಚರ್‌ಗೆ ಬೇಕಿದ್ದ ಉತ್ತರ ಇಗರ್ಜಿಯ ಪೂಜಾಗ್ರಂಥದಲ್ಲೇ ಇತ್ತು. ವ್ಯಾಟಿಕನ್ ಮಹಾಸಭೆಯ ನಂತರ ಸೇರಿಸಿದ ನಾಲ್ಕನೇ ಪರಮಪ್ರಸಾದ ಪ್ರಾರ್ಥನೆಯಲ್ಲಿ, ಯಾರ ವಿಶ್ವಾಸ ದೇವರಿಗೆ ಮಾತ್ರ ತಿಳಿದಿದೆಯೋ ಅಂಥ ಮೃತರೆಲ್ಲರನ್ನೂ ನೆನೆಯಲಾಗುತ್ತದೆ. ನಮ್ಮ ಕಡೆ ಭಾನುವಾರ ಅದನ್ನು ಓದುವ ಪಾದ್ರಿಗಳು ಅಪರೂಪ. ಎರಡನೆಯದು ಚಿಕ್ಕದು, ಬೇಗ ಮುಗಿಯುತ್ತದೆ.